ಮಿಜೆಟ್ ಕಲಿಸಿದ ಪಾಠಗಳು

ಅರಸೀಕೆರೆಯಲ್ಲಿ ನಮ್ಮ ಮನೆಯೆದುರು ಒಂದು ಗ್ಯಾರೇಜಿತ್ತು. ಶಾಲೆ ಬಿಟ್ಟರೆ ಅಲ್ಲಿ ನಿಂತು ಅಂಬಾಸಿಡರ್ ಎಂಜಿನ್ ಬಿಚ್ಚುವುದನ್ನು ನೋಡುವುದೇ ನನ್ನ ಕೆಲಸ. ಆ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಮನೆತನದ್ದು. ಎಷ್ಟೋ ವರ್ಷಗಳ ನಂತರ ಕೊವೆಂಟ್ರಿಯಲ್ಲಿ 1968ರ ಎಂಜಿ ಮಿಜೆಟ್ ಕಾರು ಕೊಂಡೆ. ಅದರ 1275 ಸಿಸಿ ‘ಎ ಸೀರೀಸ್’ ಎಂಜಿನ್ ನೋಡಿದಾಗ ಅಂಬಾಸಿಡರಿನ ತಮ್ಮನನ್ನು ಕಂಡಷ್ಟು ಸಲಿಗೆ ಅನ್ನಿಸಿತು. ಹಳೆಯ ಕಾರುಗಳ ರೇಸಿಗೆ ಅದನ್ನು ಎರಡು ವರ್ಷದಲ್ಲಿ ಸಿದ್ಧಮಾಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟೆ. ಹಿಡಿದದ್ದು ಆರು ವರ್ಷ. ತಡವಾದದ್ದರಲ್ಲಿ ಕಾರಿನ ತಪ್ಪು ಕಡಿಮೆ, ನನ್ನದೇ ಹೆಚ್ಚು.

1. ನಿಯಮ ಓದಿದ ಮೇಲೆ ಪಾನಾ ಹಿಡಿಯಿರಿ

ಮಿಜೆಟ್‌ಗೆ ಕಂಪನಿ ಕೊಟ್ಟದ್ದು ನಾಲ್ಕು ಗೇರ್. ಐದು ಗೇರಿದ್ದರೆ ಒಳ್ಳೆಯದು ಎಂದುಕೊಂಡು ಬೇರೆ ಕಾರಿನ ಗೇರ್‌ಬಾಕ್ಸ್ ತಂದೆ. ಅದು ಕೂರಲೆಂದು ನಡುವಿನ ಟನಲ್ ತಗಡನ್ನೂ ಕತ್ತರಿಸಿದೆ. ಹಳೆಯ ಕಾರುಗಳ ರೇಸಿಗೆ ಎಫ್‌ಐಎ ಸಂಸ್ಥೆ ಮಾಡಿರುವ ‘ಅಪೆಂಡಿಕ್ಸ್ ಕೆ’ ನಿಯಮಗಳನ್ನು ಓದಿದ್ದು ಆಮೇಲೆ. ಕಾರು ತನ್ನ ಕಾಲದಲ್ಲಿ ಯಾವ ರೂಪದಲ್ಲಿ ಸ್ಪರ್ಧಿಸಿತ್ತೋ ಅದೇ ರೂಪದಲ್ಲಿರಬೇಕು, ಅದಕ್ಕೆ ಪುರಾವೆ ಒದಗಿಸುವ ಹೊಣೆ ಮಾಲೀಕನದು. ನನ್ನ ಐದನೆಯ ಗೇರಿಗೆ ಪುರಾವೆ ಎಲ್ಲಿಂದ ಬರಬೇಕು? ಗೇರ್‌ಬಾಕ್ಸ್ ಮಾರಿದೆ. ಟನಲ್ ಮತ್ತೆ ಬೆಸೆದೆ. ಆ ಬೆಸುಗೆಯ ಗೆರೆ ಇಂದಿಗೂ ಕಾರ್ಪೆಟ್ಟಿನ ಕೆಳಗಿದೆ.

2. ತುಕ್ಕು ಕತ್ತರಿಸುವ ಮುನ್ನ ಕಾರಿನ ಮೈಗೆ ಆಸರೆ ಕೊಡಿ

ನನಗೆ ಅತಿ ಹೆಚ್ಚು ನೋವು ಕೊಟ್ಟ ತಪ್ಪು ಇದು. ಅಂಬಾಸಿಡರಿನಲ್ಲಿ ಎಂಜಿನ್ ನೋಡಿದ್ದೆನೇ ಹೊರತು ಟಿಂಕರಿಂಗ್ ಕೆಲಸವನ್ನು ಕಣ್ಣಿಟ್ಟು ನೋಡಿರಲಿಲ್ಲ. ಮಿಜೆಟ್‌ಗೆ ಬೇರೆ ಚಾಸಿ ಇಲ್ಲ. ಮೇಲೆ ಛಾವಣಿಯೂ ಇಲ್ಲ. ಬಾಗಿಲುಗಳ ಕೆಳಗಿರುವ ಎರಡು ಟೊಳ್ಳು ಪೆಟ್ಟಿಗೆಗಳು, ಅಂದರೆ ಸಿಲ್‌ಗಳು, ಮತ್ತು ನಡುವಿನ ಟನಲ್ ಸೇರಿ ಇಡೀ ಕಾರನ್ನು ಹಿಡಿದಿಡುತ್ತವೆ. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮೊದಲು ತಿನ್ನುವುದೂ ಆ ಸಿಲ್‌ಗಳನ್ನೇ. ಬೆರಳಿನಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ನಡುವೆ ಜಾಕ್ ಕೊಟ್ಟು, ಬಾಗಿಲು ಕಳಚಿಟ್ಟು, ಎರಡೂ ಸಿಲ್‌ಗಳನ್ನು ಒಂದೇ ವಾರಾಂತ್ಯದಲ್ಲಿ ಕತ್ತರಿಸಿ ಹಾಕಿದೆ. ಹೊಸವನ್ನು ಬೆಸೆಯಲು ನಾಲ್ಕು ತಿಂಗಳು. ಬಣ್ಣವನ್ನೂ ಬಳಿದೆ.

ಬಾಗಿಲು ತಂದು ಕೂರಿಸಿದರೆ ಮುಚ್ಚಲೊಲ್ಲದು. ಟೇಪ್ ಹಿಡಿದಾಗ ಬಾಗಿಲ ಬಾಯಿಯ ಅಳತೆ ಮೇಲ್ಗಡೆ ಒಂದು, ಕೆಳಗಡೆ ಇನ್ನೊಂದು. ಕಾರಿನ ಬೆನ್ನು ಬಾಗಿತ್ತು, ಬಾಗಿದ ಬೆನ್ನನ್ನು ಹಾಗೇ ಇರುವಂತೆ ನಾನೇ ಬೆಸೆದಿದ್ದೆ. ಆ ರಾತ್ರಿ ಗ್ಯಾರೇಜಿನ ದೀಪ ಆರಿಸಿ ಬಂದವನು ಮೂರು ವಾರ ಅತ್ತ ಸುಳಿಯಲಿಲ್ಲ. ಎರಡನೆಯ ಸಲ ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಬೆಸೆದುಕೊಂಡೆ. ಕಾರಿನ ಭಾರವನ್ನು ಸಸ್ಪೆನ್ಷನ್ ಹೊರುವ ಜಾಗಗಳಲ್ಲೇ ಸ್ಟ್ಯಾಂಡ್ ಕೊಟ್ಟೆ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ. ದಿನಕ್ಕೆರಡು ಸಲ ಬಾಗಿಲು ಹಾಕಿ ತೆಗೆದು ನೋಡುತ್ತಿದ್ದೆ.

3. ಹೊರಗೆ ತೊಳೆದರೆ ಒಳಗೆ ಶುದ್ಧವಾಗುವುದಿಲ್ಲ

ಸಿಲಿಂಡರ್ ಬೋರಿಂಗ್ ಮಾಡಿಸಿ ತಂದ ಬ್ಲಾಕನ್ನು ಪೆಟ್ರೋಲು, ಸೋಪುನೀರು, ಗಾಳಿ ಎಲ್ಲದರಿಂದ ತೊಳೆದೆ. ಆಯಿಲ್ ಹರಿಯುವ ಕಾಲುವೆಗಳ ತುದಿಗೆ ಹಿತ್ತಾಳೆಯ ಮುಚ್ಚಳಗಳಿರುತ್ತವೆ. ಅವನ್ನು ಕೊರೆದು ತೆಗೆದು ಒಳಗೆ ಬ್ರಷ್ ಹಾಕಬೇಕು. ಮುಚ್ಚಳ ಕೀಳಲು ಹೋಗಿ ಬ್ಲಾಕಿಗೆ ಪೆಟ್ಟಾದೀತೆಂದು ಹೆದರಿ ಬಿಟ್ಟುಬಿಟ್ಟೆ. ಎಂಜಿನ್ ಮೊದಲ ಕೀಲಿಗೇ ಶುರುವಾಯಿತು. ನನಗೋ ಹಬ್ಬ. ನಲವತ್ತು ಮೈಲಿ ಓಡುವಷ್ಟರಲ್ಲಿ ಕೆಳಗಿನಿಂದ ಕಟಕಟ ಸದ್ದು. ಬಿಚ್ಚಿದರೆ ಬಿಗ್ ಎಂಡ್ ಬೇರಿಂಗುಗಳ ಮೈಮೇಲೆಲ್ಲ ಗೀರು. ಬೋರಿಂಗ್ ಮಾಡುವಾಗ ಸೇರಿಕೊಂಡ ಲೋಹದ ಪುಡಿ ಆ ಕಾಲುವೆಗಳಲ್ಲೇ ಕುಳಿತಿತ್ತು.

4. ಮೀಟರ್ ಇದ್ದರೆ ಸಾಲದು, ಅದು ಕಣ್ಣಿಗೆ ಬೀಳಬೇಕು

ಲೆಸ್ಟರ್‌ಶೈರಿನ ಮ್ಯಾಲರಿ ಪಾರ್ಕ್ ಟ್ರ್ಯಾಕಿನಲ್ಲಿ ಜೆರಾರ್ಡ್ಸ್ ಎಂಬ ಬಲತಿರುವಿದೆ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೂ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಎಂಜಿನ್ ತಳದ ಸಂಪಿನೊಳಗಿನ ಆಯಿಲ್ ಒಂದು ಬದಿಗೆ ಜಾರಿ ನಿಲ್ಲುತ್ತದೆ, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಅಭ್ಯಾಸದ ದಿನ ನನ್ನ ಆಯಿಲ್ ಪ್ರೆಶರ್ ಪ್ರತಿ ಸುತ್ತಿನಲ್ಲೂ ಅಲ್ಲಿ ಬೀಳುತ್ತಿದ್ದಿರಬೇಕು. ನಾನು ನೋಡಲಿಲ್ಲ. ಅಷ್ಟು ವೇಗದಲ್ಲಿ ರಸ್ತೆ ಬಿಟ್ಟು ಪುಟ್ಟ ಮುಳ್ಳನ್ನು ಯಾರು ನೋಡುತ್ತಾರೆ? ಎರಡನೆಯ ಸಲ ಬೇರಿಂಗ್ ಹೋಯಿತು, ಕ್ರ್ಯಾಂಕ್ ಕೂಡ ಹಾಳಾಯಿತು. ಈಗ ಸಂಪಿನಲ್ಲಿ ಆಯಿಲನ್ನು ತಡೆದು ನಿಲ್ಲಿಸುವ ತಗಡುಗಳಿವೆ. ಪ್ರೆಶರ್ ಇಳಿದರೆ ನೇರ ಕಣ್ಣೆದುರಿಗೇ ಹೊತ್ತಿಕೊಳ್ಳುವ ದೊಡ್ಡ ಕೆಂಪು ದೀಪವಿದೆ.

5. ನೆನಪನ್ನು ನಂಬಬೇಡಿ

ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಹಾಕಿದ್ದೆ. ಮೂರು ವರ್ಷ ಕಳೆದು ತೆಗೆದರೆ ಯಾವುದು ಎಲ್ಲಿಯದೆಂದು ಒಂದೂ ತಿಳಿಯದು. ಒಂದೊಂದು ಭಾಗಕ್ಕೆ ಒಂದು ಚೀಲ, ಒಂದು ಚೀಟಿ, ಒಂದು ಫೋಟೊ. ಇಷ್ಟೇ.

6. ಪ್ರಾಣ ಕಾಯುವ ವಸ್ತು ಹೊಸದೇ ಇರಲಿ

ಕಾರಿನ ಮಿಕ್ಕೆಲ್ಲ ಹಳೆಯದಿರಬೇಕು, ಇವು ಮಾತ್ರ ಇಂದಿನವಾಗಿರಬೇಕು: ರೋಲ್ ಕೇಜ್, ಬೆಂಕಿ ಆರಿಸುವ ಸಿಲಿಂಡರ್, ಬೆಲ್ಟ್. ಯಾರೋ ಬಳಸಿದ ಬೆಲ್ಟನ್ನು ಅಗ್ಗಕ್ಕೆ ಕೊಂಡಿದ್ದೆ. ಮೊದಲ ರೇಸಿನ ಬೆಳಿಗ್ಗೆ ತಪಾಸಣಾಧಿಕಾರಿ ಅದರ ಅಂಚಿನ ಚೀಟಿಯನ್ನು ತಿರುಗಿಸಿ ತೋರಿಸಿದರು. ಅವಧಿ ಮುಗಿದಿತ್ತು. ಉಳಿಸಿದ ಹಣಕ್ಕಿಂತ ಪ್ರವೇಶ ಶುಲ್ಕವೇ ಹೆಚ್ಚು ಕಳೆದುಕೊಂಡು ಕಾರನ್ನು ಟ್ರೈಲರಿಗೆ ಹತ್ತಿಸಿದೆ. ಅವರ ಮೇಲೆ ಅಂದು ಬಂದ ಕೋಪಕ್ಕೆ ಇಂದು ನಾಚಿಕೆಯಾಗುತ್ತದೆ.

7. ಕೈ ಪಳಗಿದವರನ್ನು ಕೇಳಿ

ಕ್ರ್ಯಾಂಕ್ ಹಾಳಾದ ಮೇಲೆ ಹತ್ತಿರದ ಲೇತ್ ಅಂಗಡಿಯ ಹಿರಿಯರೊಬ್ಬರ ಬಳಿ ಹೋದೆ. ಎ ಸೀರೀಸ್ ಎಂಜಿನ್ ಜೊತೆಗೇ ಬಾಳಿದ ಕೈ. ಹಿತ್ತಾಳೆ ಮುಚ್ಚಳ ತೆಗೆಯುವುದನ್ನು ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದರು. ಮೊದಲ ದಿನವೇ ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಗೊತ್ತಿಲ್ಲವೆನ್ನಲು ಸಂಕೋಚವಾಗಿತ್ತು, ಅದಕ್ಕೇ ಕೇಳಿರಲಿಲ್ಲ.

ಕಳೆದ ಬೇಸಿಗೆ ಊರಿಗೆ ಹೋದಾಗ ಮನೆಯೆದುರಿನ ಗ್ಯಾರೇಜ್ ಇರಲಿಲ್ಲ. ಅದರ ಮೇಸ್ತ್ರಿ ತೀರಿಕೊಂಡು ಎಂಟು ವರ್ಷವಾಗಿದೆ ಎಂದು ತಿಳಿಯಿತು. ಅವರಿಂದ ಒಂದು ಸಾಲನ್ನೂ ನಾನು ಬರೆದಿಟ್ಟುಕೊಂಡಿಲ್ಲ. ನಿಮ್ಮೂರಿನಲ್ಲಿ ಅಂಬಾಸಿಡರ್, ಫಿಯೆಟ್ ಬಿಚ್ಚಿ ಕಟ್ಟಿದ ಮೇಸ್ತ್ರಿ ಇನ್ನೂ ಇದ್ದರೆ ಈ ಭಾನುವಾರವೇ ಒಂದು ನೋಟ್‌ಬುಕ್ ಹಿಡಿದು ಅವರ ಬಳಿಗೆ ಹೋಗಿ.