ನೋವಿಲ್ಲದ ಗಂಟನ್ನು ಅಲಕ್ಷಿಸದಿರಿ

“ಗಂಟೇನೋ ಇದೆ, ಆದರೆ ನೋವಿಲ್ಲವಲ್ಲ ಡಾಕ್ಟರೇ” ಎನ್ನುತ್ತಾ ತಿಂಗಳುಗಟ್ಟಲೆ ಲೇಪ ಹಚ್ಚಿಕೊಂಡು ತಡವಾಗಿ ಬರುವವರನ್ನು ನಾನು ಕಂಡಿದ್ದೇನೆ. ನೋವಿಲ್ಲದಿರುವುದು ನಿಶ್ಚಿಂತೆಗೆ ಕಾರಣವಲ್ಲ. ಅರ್ಬುದವು ಅಲ್ಪವೇದನೆಯಿಂದ ಕೂಡಿ, ನಿಧಾನವಾಗಿ ಬೆಳೆದು, ಕೀವುಗಟ್ಟದೆ ಉಳಿಯುವುದೆಂದು ಸುಶ್ರುತಾಚಾರ್ಯರೂ ವಿವರಿಸಿದ್ದಾರೆ.

ನಮ್ಮ ದೇಹದಲ್ಲಿ ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುವ ಬಿಳಿ ರಕ್ತಕಣಗಳಿಗೆ ಬಿ-ಕೋಶಗಳೆಂದು ಹೆಸರು. ಇವು ಹತೋಟಿ ಮೀರಿ ವೃದ್ಧಿಸಿದಾಗ ಉಂಟಾಗುವ ಕ್ಯಾನ್ಸರ್ ಬಿ-ಕೋಶ ಲಿಂಫೋಮಾ.

ಲಕ್ಷಣಗಳು

ಕೊರಳು, ಕಂಕುಳು ಅಥವಾ ತೊಡೆಸಂದಿಯಲ್ಲಿ ನೋವಿಲ್ಲದ ಗಂಟು. ಕಾರಣ ತಿಳಿಯದೆ ಮರುಕಳಿಸುವ, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ. ಹಾಸಿಗೆ ತೊಯ್ಯುವಷ್ಟು ರಾತ್ರಿಬೆವರು. 6 ತಿಂಗಳಲ್ಲಿ ದೇಹತೂಕದ ಶೇ. 10ಕ್ಕಿಂತ ಹೆಚ್ಚು ಇಳಿಕೆ. ಎಲ್ಲರಲ್ಲಿಯೂ ಇವೆಲ್ಲವೂ ಕಾಣಬೇಕೆಂದಿಲ್ಲ.

ರೋಗನಿರ್ಣಯ

ಗಂಟುಗಳೆಲ್ಲವೂ ಕ್ಯಾನ್ಸರ್ ಅಲ್ಲ. ಸಾಮಾನ್ಯ ಸೋಂಕಿನಿಂದಲೂ ಕ್ಷಯದಿಂದಲೂ ಗ್ರಂಥಿಗಳು ಊದಿಕೊಳ್ಳುತ್ತವೆ. ಜ್ವರ, ಬೆವರು, ಕೃಶತೆಗಳು ಕ್ಷಯದಲ್ಲಿಯೂ ಇರುವುದರಿಂದ ಊಹೆಯ ಮೇಲೆ ಔಷಧಿ ಸೇವಿಸುವುದು ಸಲ್ಲದು. ಸೂಜಿಯಿಂದ ತೆಗೆದ ಕಣಗಳು ಅನೇಕ ವೇಳೆ ನಿರ್ಣಯಕ್ಕೆ ಸಾಲವು. ಸಾಧ್ಯವಾದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡುವುದು ಉತ್ತಮ. ಬಳಿಕ ಪೆಟ್-ಸಿಟಿ ಪರೀಕ್ಷೆಯಿಂದ ರೋಗವು 4 ಹಂತಗಳಲ್ಲಿ ಯಾವುದರಲ್ಲಿದೆಯೆಂದು ತಿಳಿಯುತ್ತದೆ. ಬಯಾಪ್ಸಿಯಿಂದ ಈ ರೋಗ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ.

ಚಿಕಿತ್ಸೆ

ಇದರಲ್ಲಿ ಹಲವು ಬಗೆಗಳಿವೆ. ನಿಧಾನವಾಗಿ ಬೆಳೆಯುವ ಬಗೆಗಳಲ್ಲಿ, ತೊಂದರೆಯಿಲ್ಲದಿದ್ದರೆ, ತಜ್ಞರು ಔಷಧಿ ಕೊಡದೆ ನಿಗಾ ಇಡುವುದೂ ಉಂಟು. ಹೆಚ್ಚಾಗಿ ಕಾಣುವ, ವೇಗವಾಗಿ ಬೆಳೆಯುವ ಬಗೆಗೆ ‘ಆರ್-ಚಾಪ್’ ಎಂಬ ಔಷಧಿಗಳ ಸಮೂಹವನ್ನು ಸಾಮಾನ್ಯವಾಗಿ 21 ದಿನಗಳಿಗೊಮ್ಮೆ, 6 ಬಾರಿ ನೀಡುತ್ತಾರೆ. ಬಿ-ಕೋಶಗಳನ್ನೇ ಗುರುತಿಸಿ ನಾಶಪಡಿಸುವ ರಿಟುಕ್ಸಿಮ್ಯಾಬ್ ಇದರಲ್ಲಿ ಒಂದು. ಈ ಬಗೆಯ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ಣ ಗುಣ ಹೊಂದುತ್ತಾರೆ. ರೋಗ ಮುಂದುವರಿದಿದ್ದರೂ ಆಶೆ ಬಿಡಬೇಕಾಗಿಲ್ಲ.

ಇದೇ ಸಮೂಹದ ವಿನ್‌ಕ್ರಿಸ್ಟೀನ್ ಎಂಬ ಔಷಧಿಯು ನಮ್ಮ ಅಂಗಳದಲ್ಲಿ ಅರಳುವ ನಿತ್ಯಪುಷ್ಪದಿಂದ ದೊರೆತದ್ದು. ಹಾಗೆಂದು ಅದರ ಎಲೆಯನ್ನು ಅರೆದು ಕುಡಿಯಬಾರದು; ಅದು ವಿಷಕಾರಿ. ಶುದ್ಧೀಕರಿಸಿ, ಅಳೆದು, ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಅದು ಔಷಧಿ.

ಆಯುರ್ವೇದ ವೈದ್ಯನಾದ ನಾನು ಸ್ಪಷ್ಟವಾಗಿ ಹೇಳುವುದಿಷ್ಟು: ಲೇಪ, ಕಷಾಯ, ಭಸ್ಮಗಳು ಈ ಚಿಕಿತ್ಸೆಗೆ ಬದಲಿಯಲ್ಲ. ಚೆನ್ನಾಗಿ ಬೇಯಿಸಿದ ಲಘು ಆಹಾರ, ಶುಚಿತ್ವ, ವಿಶ್ರಾಂತಿ, ಮನಃಶಾಂತಿಗಳು ರೋಗಿಗೆ ಆಸರೆಯಾಗುತ್ತವೆ. ಬೇರಾವ ಔಷಧಿ ಸೇವಿಸುತ್ತಿದ್ದರೂ ಕ್ಯಾನ್ಸರ್ ತಜ್ಞರಿಂದ ಮರೆಮಾಚಬೇಡಿ.

ಕಾಯಕಕ್ಕೆ ಕಾಯವೇ ಸಾಧನ. ನಿತ್ಯ ಶಿವದಾರವನ್ನು ಕೊರಳಿಗೆ ಧರಿಸುವಾಗ ಗಂಟೇನಾದರೂ ಕೈಗೆ ತಗುಲಿ, 2-3 ವಾರಗಳಾದರೂ ಕರಗದಿದ್ದರೆ, ಸದ್ಭಕ್ತರು ತಡಮಾಡದೆ ವೈದ್ಯರಿಗೆ ತೋರಿಸಬೇಕು.