ಹಿಮ್ಮಡಿ ನೋವು: ನಿಂತು ಕಲಿಸುವವರ ಕಾಲಿಗೊಂದು ಪಾಠ

ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ವಯಸ್ಸು 48; ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಬೆಳಗಿನ ಜಾವ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಡಲು ಬರಿಗಾಲಲ್ಲಿ ನೆಲಕ್ಕೆ ಇಳಿದೊಡನೆ ಬಲಗಾಲಿನ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಗೋಡೆ ಹಿಡಿದು ಹತ್ತಿಪ್ಪತ್ತು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಬಸ್ಸಿಳಿದು ಶಾಲೆಗೆ ನಡೆಯುವಾಗ ನೋವಿನ ನೆನಪೇ ಇರುವುದಿಲ್ಲ. ತರಗತಿಯ ಚಾಪೆಯ ಮೇಲೆ ಮಕ್ಕಳೊಡನೆ ಅರ್ಧ ಗಂಟೆ ಕುಳಿತು ಏಳುವಾಗ ಮತ್ತೆ ಅದೇ ಮೊಳೆ. ಸಂಜೆಯ ಹೊತ್ತಿಗೆ ಹಿಮ್ಮಡಿಯೆಲ್ಲ ಕುದಿಯುವಂತಿರುತ್ತದೆ.

ಹೀಗೆ ಎಂಟು ತಿಂಗಳು ಕಳೆದಿವೆ. ಮನೆಯವರು ಕಾಲಿಗೆ ಪೂರ್ತಿ ವಿಶ್ರಾಂತಿ ಕೊಡಲು ಹೇಳುತ್ತಾರೆ. ಸಹೋದ್ಯೋಗಿಗಳು ಇದು ಎಲ್ಲ ಮೇಷ್ಟ್ರುಗಳಿಗೂ ಇದ್ದದ್ದೇ ಎನ್ನುತ್ತಾರೆ. ನೆರೆಯವರು ಇಟ್ಟಿಗೆ ಕಾಯಿಸಿ ಎಕ್ಕದ ಎಲೆ ಇಟ್ಟು ಒತ್ತಲು ಹೇಳುತ್ತಾರೆ. ಆಕೆ ಮೂರನ್ನೂ ಅಷ್ಟಷ್ಟು ಮಾಡಿ, ಕೊನೆಗೆ ಸಂಜೆಯ ನಡಿಗೆಯನ್ನೇ ಬಿಟ್ಟಿದ್ದಾರೆ. ಹಿಮ್ಮಡಿ ವಾಸಿಯಾಗಲಿಲ್ಲ, ರಕ್ತದ ಸಕ್ಕರೆ ಏರಿತು. ಈ ಕಾಯಿಲೆಯಿಂದ ಆಗುವ ನಿಜವಾದ ನಷ್ಟ ಇದೇ. ನೋವು ತಾನಾಗಿ ಯಾರ ಪ್ರಾಣಕ್ಕೂ ಎರವಾಗುವುದಿಲ್ಲ. ಆದರೆ ಅದು ನಡಿಗೆಯನ್ನು ಕಿತ್ತುಕೊಂಡರೆ ಮಧುಮೇಹ, ರಕ್ತದೊತ್ತಡ, ದೇಹದ ತೂಕ ಎಲ್ಲವೂ ಒಂದರ ಹಿಂದೊಂದು ಕೆಡುತ್ತವೆ.

ಅಂಗಾಲಿನ ರಚನೆ

ಅಂಗಾಲಿನ ಚರ್ಮ ಮತ್ತು ಕೊಬ್ಬಿನ ಮೆತ್ತೆಯ ಮೇಲ್ಗಡೆ, ಹಿಮ್ಮಡಿಯ ಮೂಳೆಯಿಂದ ಹೊರಟು ಕಾಲ್ಬೆರಳುಗಳ ಬುಡದವರೆಗೆ ಹರಡಿಕೊಂಡಿರುವ ದಪ್ಪನೆಯ ನಾರುಪಟ್ಟಿಯೊಂದಿದೆ. ವೈದ್ಯರು ಅದನ್ನು ಪ್ಲಾಂಟರ್ ಫ್ಯಾಸಿಯಾ ಎನ್ನುತ್ತಾರೆ. ಪಾದದ ಮೂಳೆಗಳು ಬಿಲ್ಲಿನಂತೆ ಬಾಗಿದ್ದರೆ ಈ ಪಟ್ಟಿ ಅದರ ಹೆದೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಮಡಿಯುತ್ತವೆ. ಆಗ ಪಟ್ಟಿಯು ಬೆರಳಿನ ಬುಡವನ್ನು ಬಾವಿಯ ರಾಟೆಯ ಹಗ್ಗದಂತೆ ಸುತ್ತಿಕೊಂಡು ಬಿಗಿಯಾಗಿ, ಪಾದದ ಕಮಾನನ್ನು ಮೇಲೆತ್ತಿ, ಮೆತ್ತಗಿದ್ದ ಪಾದವನ್ನು ಗಟ್ಟಿ ಸನ್ನೆಯಾಗಿ ಮಾಡುತ್ತದೆ. 1954ರಲ್ಲಿ ಹಿಕ್ಸ್ ಎಂಬ ಆಂಗ್ಲ ಸಂಶೋಧಕ ಈ ಕ್ರಿಯೆಯನ್ನು ವಿವರಿಸಿದರು. ವಿಜ್ಞಾನದ ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ: ಕುಳಿತ ಮಗುವಿನ ಕಾಲ್ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರೆ ಅಂಗಾಲಿನಲ್ಲಿ ತಂತಿಯಂತೆ ಬಿಗಿಯಾಗುವ ಪಟ್ಟಿ ಕೈಗೆ ಸಿಗುತ್ತದೆ.

ಈ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುವ ಒಳಬದಿಯ ಸ್ಥಳವೇ ಸಾಮಾನ್ಯವಾಗಿ ನೋಯುವ ಜಾಗ. ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಜೀವಿತದಲ್ಲಿ ಒಮ್ಮೆಯಾದರೂ ಇದು ಬರುತ್ತದೆಂಬುದು ವೈದ್ಯಕೀಯ ಅಂದಾಜು. ಬಹು ಹೊತ್ತು ನಿಂತು ದುಡಿಯುವುದು, ಹೆಚ್ಚಿದ ತೂಕ, ಮೀನಖಂಡದ ಬಿಗಿತದಿಂದ ಪಾದ ಮೇಲಕ್ಕೆ ಸಾಕಷ್ಟು ಬಾಗದಿರುವುದು ಮುಖ್ಯ ಕಾರಣಗಳು. ಮೊದಲನೆಯದು ಶಿಕ್ಷಕ ವೃತ್ತಿಯೊಡನೆಯೇ ಬರುತ್ತದೆ. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಚಾಚಿಕೊಂಡಿರುವುದರಿಂದ ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಎದ್ದ ಕ್ಷಣ ಇಡೀ ದೇಹದ ಭಾರ ಅದನ್ನು ಒಮ್ಮೆಲೇ ಜಗ್ಗುತ್ತದೆ. ಮೊದಲ ಹೆಜ್ಜೆಯ ನೋವಿಗೆ ಇದೇ ವಿವರಣೆ.

ಎಕ್ಸ್-ರೇ ತೆಗೆಸಿದರೆ ಹಿಮ್ಮಡಿಯಲ್ಲಿ ಮುಳ್ಳಿನಂತೆ ಬೆಳೆದ ಮೂಳೆ ಕಾಣಿಸಬಹುದು. ಅದನ್ನು ಕಂಡು ಅನೇಕರು ಕಂಗಾಲಾಗುತ್ತಾರೆ. ಕತ್ತರಿಸಿ ತೆಗೆಸಬೇಕೇನೋ ಎಂದು ಸಾಲಕ್ಕೂ ಓಡಾಡುತ್ತಾರೆ. ನೋವೇ ಇಲ್ಲದ ಎಷ್ಟೋ ಜನರ ಪಾದದಲ್ಲೂ ಅಂಥ ಮುಳ್ಳು ಇರುತ್ತದೆ. ಹಲವು ತಿಂಗಳು ಹಳೆಯದಾದ ನೋವಿನಲ್ಲಿ ಪಟ್ಟಿಯ ನಾರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಉರಿಯೂತಕ್ಕಿಂತ ನಾರು ಸವೆದು ಹದಗೆಟ್ಟಿರುವ ಲಕ್ಷಣಗಳೇ ಹೆಚ್ಚು. ಆದ್ದರಿಂದಲೇ ಉರಿಯೂತ ಇಳಿಸುವ ಮಾತ್ರೆಗಳಿಂದ ಬರುವ ನೆಮ್ಮದಿ ಅಲ್ಪಕಾಲದ್ದು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವನ್ನು ಅಡಗಿಸಬಲ್ಲದು. ಮತ್ತೆ ಮತ್ತೆ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ, ಪಟ್ಟಿಯೇ ಹರಿಯುವ ಅಪಾಯವುಂಟು.

ವಿಶ್ರಾಂತಿಯೂ ಅಲ್ಲ, ಹಠವೂ ಅಲ್ಲ

ಸವೆದ ನಾರು ಗಟ್ಟಿಯಾಗಬೇಕಾದರೆ ಅದಕ್ಕೆ ಅಳತೆಯ ಭಾರ ಬೇಕು. ಪೂರ್ತಿ ಮಲಗಿದರೆ ಪಟ್ಟಿಯೂ ಮೀನಖಂಡವೂ ಇನ್ನಷ್ಟು ದುರ್ಬಲವಾಗಿ, ಮತ್ತೆ ಶಾಲೆಗೆ ಬಂದ ಮೊದಲ ವಾರದಲ್ಲೇ ನೋವು ಮರಳುತ್ತದೆ. ಬೇಸಿಗೆ ರಜೆಯಲ್ಲಿ ಸುಮ್ಮನಿದ್ದ ಕಾಲು ಜೂನ್ ತಿಂಗಳಲ್ಲಿ ಕೈಕೊಡುವುದನ್ನು ಅನೇಕ ಶಿಕ್ಷಕರು ಬಲ್ಲರು. ಹಲ್ಲು ಕಚ್ಚಿ ಮೊದಲಿನಂತೆಯೇ ನಡೆದರೆ ನಾರಿಗೆ ಚೇತರಿಸಿಕೊಳ್ಳುವ ಬಿಡುವು ಸಿಗುವುದಿಲ್ಲ. ಎರಡರ ನಡುವಣ ದಾರಿಗೆ ಒಂದು ಸರಳ ಅಳತೆಗೋಲಿದೆ: ಚಟುವಟಿಕೆಯ ವೇಳೆ ಸಹಿಸಬಹುದಾದಷ್ಟು ನೋವು ಇರಬಹುದು, ಆದರೆ ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ನಿನ್ನೆಯ ಭಾರ ಅತಿಯಾಯಿತೆಂದು ಅರ್ಥ. ಇಂದು ಸ್ವಲ್ಪ ತಗ್ಗಿಸಬೇಕು, ನಿಲ್ಲಿಸಬಾರದು. ಹಾಜರಿ ಪುಸ್ತಕದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಬೆಳಗಿನ ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದಿಟ್ಟರೆ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ಮುಕ್ಕಾಲು ಗಂಟೆಯ ನಡಿಗೆ ಆಗದಿದ್ದರೆ ಊಟದ ನಂತರ ಹದಿನೈದು ನಿಮಿಷದಂತೆ ಮೂರು ಪಾಲು ಮಾಡಬಹುದು. ಸೈಕಲ್ ತುಳಿಯುವುದರಿಂದ ಹಿಮ್ಮಡಿಗೆ ಬೀಳುವ ಹೊಡೆತ ಬಲು ಕಡಿಮೆ.

ಮಾಡಬೇಕಾದ ವ್ಯಾಯಾಮ ಎರಡೇ. ಮೊದಲನೆಯದು ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಅಂಗಾಲಿನ ಪಟ್ಟಿ ಬಿಗಿದಿರುವುದನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಮೀನಖಂಡವನ್ನು ಮಾತ್ರ ಜಗ್ಗುವುದಕ್ಕಿಂತ ಇದು ಮೇಲೆಂದು ತೋರಿಸಿತು. ತರಗತಿಯ ಚಾಪೆಯಿಂದ ಏಳುವ ಮೊದಲೂ ಇದನ್ನು ಮಾಡಬಹುದು. 2022ರಲ್ಲಿ ‘ಎಣ್ಣುಂ ಎಳುತ್ತುಂ’ ಕಾರ್ಯಕ್ರಮ ಬಂದ ಮೇಲೆ 1ರಿಂದ 3ನೆಯ ತರಗತಿಗಳಲ್ಲಿ ಚಟುವಟಿಕೆಗಳು ಹೆಚ್ಚಿ, ಮಕ್ಕಳೊಡನೆ ಕೂರುವುದೂ ಏಳುವುದೂ ಪಾಠದ ಭಾಗವೇ ಆಗಿರುವುದರಿಂದ ಈ ಎಚ್ಚರ ಅವಶ್ಯ.

ಎರಡನೆಯದು ಬಲದ ವ್ಯಾಯಾಮ. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಕಂಬಿ ಅಥವಾ ಗೋಡೆ ಹಿಡಿದು ನಿಂತು, ಸುತ್ತಿದ ಟವೆಲನ್ನು ಬೆರಳುಗಳ ಕೆಳಗಿಟ್ಟು, ನೋಯುವ ಕಾಲಿನ ಹಿಮ್ಮಡಿಯನ್ನು ಮೂರು ಸೆಕೆಂಡಿನಲ್ಲಿ ಮೇಲೆತ್ತಿ, ಎರಡು ಸೆಕೆಂಡು ನಿಲ್ಲಿಸಿ, ಮೂರು ಸೆಕೆಂಡಿನಲ್ಲಿ ಇಳಿಸಬೇಕು. ಹನ್ನೆರಡು ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಒಂದೇ ಕಾಲಿನಲ್ಲಿ ಆಗದವರು ಎರಡೂ ಕಾಲಿನಿಂದ ಆರಂಭಿಸಲಿ. ಎರಡು ವಾರದ ಮೇಲೆ ಬೆನ್ನಿಗೊಂದು ಚೀಲ ಹಾಕಿ ಅದರಲ್ಲಿ ಪುಸ್ತಕಗಳನ್ನು ತುಂಬುತ್ತ ಭಾರ ಏರಿಸಿ, ಎತ್ತುವ ಸಂಖ್ಯೆಯನ್ನು ಹತ್ತಕ್ಕೆ, ಆಮೇಲೆ ಎಂಟಕ್ಕೆ ಇಳಿಸಿ, ಸುತ್ತುಗಳನ್ನು ನಾಲ್ಕು, ಐದಕ್ಕೆ ಹೆಚ್ಚಿಸುವುದು. ತಿದ್ದಬೇಕಾದ ನೋಟ್‌ಬುಕ್ಕುಗಳಿಗೆ ಶಿಕ್ಷಕರ ಮನೆಯಲ್ಲಿ ಬರವಿಲ್ಲ. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ ಈ ಕ್ರಮ ಅನುಸರಿಸಿದವರು ಮೂರು ತಿಂಗಳಲ್ಲಿ, ಬರೀ ಜಗ್ಗುವ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಗುಣ ಕಂಡರು. ವರ್ಷ ತುಂಬುವ ಹೊತ್ತಿಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಅಂದರೆ ಇದು ಗುಣವಾಗುವ ಕಾಲವನ್ನು ಹತ್ತಿರ ತರುತ್ತದೆ. ಬಹುತೇಕರ ನೋವು ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಇಳಿಯುತ್ತದೆ. ಆದರೆ ಎರಡು ವಾರದಲ್ಲಿ ಫಲ ಕಾಣದೆಂದು ಬಿಡುವವರೇ ಹೆಚ್ಚು.

ಚಪ್ಪಲಿ, ನೆಲ, ಇಟ್ಟಿಗೆ

ತರಗತಿಯ ಹೊರಗೆ ಚಪ್ಪಲಿ ಬಿಡುವ ರೂಢಿ ಹಲವು ಶಾಲೆಗಳಲ್ಲಿದೆ. ಅದರ ಶುಚಿತ್ವದ ಉದ್ದೇಶ ಒಳ್ಳೆಯದೇ. ಆದರೆ ಸಿಮೆಂಟು ಅಥವಾ ಕಡಪ ಕಲ್ಲಿನ ನೆಲದ ಮೇಲೆ ದಿನವಿಡೀ ಬರಿಗಾಲಲ್ಲಿ ನಿಲ್ಲುವುದು ನೋಯುವ ಹಿಮ್ಮಡಿಗೆ ಶಿಕ್ಷೆಯೇ ಸರಿ. ತರಗತಿಯೊಳಗೆ ಮಾತ್ರ ಧರಿಸುವ ಒಂದು ಜೊತೆ ಮೆತ್ತನೆಯ ಚಪ್ಪಲಿಯನ್ನು ಬೀರುವಿನಲ್ಲಿ ಇಟ್ಟುಕೊಂಡರೆ ರೂಢಿಗೂ ಭಂಗವಿಲ್ಲ. ಮುಖ್ಯೋಪಾಧ್ಯಾಯರಿಗೆ ಕಾರಣವನ್ನು ಮೊದಲೇ ತಿಳಿಸಿದರಾಯಿತು. ಸವೆದು ತೆಳ್ಳಗಾದ ಹವಾಯಿ ಚಪ್ಪಲಿಯಿಂದ ಪ್ರಯೋಜನವಿಲ್ಲ. ಅಂಗಡಿಗಳಲ್ಲಿ ಎಂ.ಸಿ.ಆರ್. ಎಂದು ಕೇಳಿದರೆ ಸಿಗುವ ಮೆತ್ತನೆಯ ರಬ್ಬರಿನ ಚಪ್ಪಲಿ, ಅಥವಾ ಹಿಮ್ಮಡಿಯ ಕಡೆ ತುಸು ಎತ್ತರವಿರುವ ಶೂ ಸಾಕು. ಮಂಚದ ಪಕ್ಕದಲ್ಲೇ ಒಂದು ಜೊತೆ ಇಟ್ಟುಕೊಂಡು ಮೊದಲ ಹೆಜ್ಜೆಯನ್ನು ಅದರ ಮೇಲೇ ಇಡಬೇಕು. ಅಂಗಳದ ರಂಗೋಲಿ ಹತ್ತು ನಿಮಿಷ ತಡವಾದರೆ ಯಾವ ದೇವರೂ ಮುನಿಯಲಾರ.

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಕಿ ಹಿಮ್ಮಡಿ ಒತ್ತುವುದು ಈ ಸೀಮೆಯ ಹಳೆಯ ಮನೆಮದ್ದು. ಬಿಸಿಯಿಂದ ಆ ಹೊತ್ತಿಗೆ ಹಿತವೆನಿಸುವುದು ಸಹಜ. ಆದರೆ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಕಾವು ಎಷ್ಟೆಂದು ತಿಳಿಯುವುದಿಲ್ಲ. ಸುಟ್ಟ ಗಾಯ ಹುಣ್ಣಾಗಿ, ಹುಣ್ಣು ಕೊಳೆತು, ಪಾದವನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮಧುಮೇಹಿಗಳು ಈ ಮದ್ದಿನ ಹತ್ತಿರವೂ ಸುಳಿಯಬಾರದು. ಬಲದ ವ್ಯಾಯಾಮಕ್ಕೆ ಮೊದಲು ಪಾದವನ್ನು ವೈದ್ಯರಿಗೆ ತೋರಿಸುವುದೂ ಅವರಿಗೆ ಅಗತ್ಯ.

ಧರ್ಮಪುರಿ, ಕೃಷ್ಣಗಿರಿ ಭಾಗದಲ್ಲಿ ಕಾಲುನೋವೆಂದರೆ ಕೊಳವೆಬಾವಿಯ ನೀರಿನ ಫ್ಲೋರೈಡನ್ನು ದೂರುವುದುಂಟು. ದೂರಿಗೆ ಆಧಾರವಿಲ್ಲದೆ ಇಲ್ಲ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವೆಂದೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲು, ಸ್ನಾಯುಬಂಧಗಳು ಕೆಡಬಹುದು. ಆದರೆ ಆ ಕಾಯಿಲೆ ಒಂದೇ ಹಿಮ್ಮಡಿಯಲ್ಲಿ ನಿಲ್ಲುವುದಿಲ್ಲ. ಬೆನ್ನು, ಕತ್ತು, ಮೊಣಕಾಲು ಬಿಗಿಯುತ್ತವೆ, ಬಾಲ್ಯದಿಂದ ಆ ನೀರನ್ನು ಕುಡಿದವರ ಹಲ್ಲಿನಲ್ಲಿ ಕಂದು ಕಲೆಗಳಿರುತ್ತವೆ. ಹಾಗಿದ್ದರೆ ವೈದ್ಯರಿಗೆ ಹೇಳಬೇಕು. ಒಂದೇ ಕಡೆ, ಮೊದಲ ಹೆಜ್ಜೆಗೆ ಮಾತ್ರ ನೋವಿದ್ದರೆ ನೀರನ್ನು ದೂರಿ ವ್ಯಾಯಾಮ ಬಿಡುವುದು ತರವಲ್ಲ.

ವೈದ್ಯರೊಡನೆ ಮಾತು

ಸೇಲಂನ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋದಾಗ ನಡೆಯುವ ಸಂಭಾಷಣೆ ತಮಿಳಿನಲ್ಲಿ. ಮನೆಮಾತು ಕನ್ನಡವಾದವರು ತಮಿಳು ಬಲ್ಲವರಾದರೂ ನೋವಿನ ಬಗೆಯನ್ನು ಹೇಳುವಾಗ ತಡವರಿಸಿ, ಬರೀ ‘ಕಾಲ್ ವಲಿ’ ಎಂದು ಮುಗಿಸಿಬಿಡುತ್ತಾರೆ. ಹಿಮ್ಮಡಿಗೆ ತಮಿಳಿನಲ್ಲಿ ‘ಕುದಿಕಾಲ್’. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ನೋಯುತ್ತದೆ ಎಂಬುದಕ್ಕೆ ‘ಕಾಲೈಯಿಲ್ ಎಳುಂದು ಮುದಲ್ ಅಡಿ ವೈಕ್ಕುಂಬೋದು ಕುದಿಕಾಲ್ ವಲಿಕ್ಕುದು’ ಎಂದರೆ ವೈದ್ಯರಿಗೆ ರೋಗ ಅರ್ಧ ತಿಳಿದಂತೆಯೇ. ಉರಿಗೆ ‘ಎರಿಚ್ಚಲ್’, ಜೋಮು ಹಿಡಿದಿದ್ದರೆ ‘ಮರತ್ತುಪ್ಪೋಚ್ಚು’. ಕಡೆಯ ಎರಡನ್ನು ಬಿಡದೆ ಹೇಳಬೇಕು, ಏಕೆಂದರೆ ಉರಿಯೂ ಜೋಮೂ ನರದ ತೊಂದರೆಯ ಸೂಚನೆಗಳು. ರಾತ್ರಿ ಮಲಗಿದಾಗಲೂ ಬಿಡದ ನೋವು, ಬಾವು, ಜ್ವರ, ಬಿದ್ದ ನಂತರ ಹೆಜ್ಜೆ ಊರಲಾಗದಿರುವುದು, ಯುವಕರಲ್ಲಿ ಎರಡೂ ಹಿಮ್ಮಡಿಗಳ ನೋವಿನೊಂದಿಗೆ ಬೆಳಗ್ಗೆ ಬಹು ಹೊತ್ತು ಸೊಂಟ ಬಿಗಿದಿರುವುದು: ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಆರಂಭಿಸದೆ ಮೊದಲು ಆಸ್ಪತ್ರೆಗೆ ಹೋಗಬೇಕು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮಧುಮೇಹ, ರಕ್ತದೊತ್ತಡದ ಔಷಧಿಗಳ ಜೊತೆಗೆ ಫಿಸಿಯೋಥೆರಪಿಯೂ ಸೇರಿದೆ. ಓಡಾಡಲಾಗದ ಹಿರಿಯರು ಮನೆಯಲ್ಲಿರುವವರು ಗ್ರಾಮದ ಆರೋಗ್ಯ ಕಾರ್ಯಕರ್ತೆಯನ್ನು ಅದರ ಬಗ್ಗೆ ವಿಚಾರಿಸಬಹುದು.

ಮಕ್ಕಳ ವಿಷಯ ಬೇರೆ. ಸುಮಾರು 8ರಿಂದ 14 ವರ್ಷದೊಳಗೆ ಹಿಮ್ಮಡಿ ಮೂಳೆಯ ಬೆಳೆಯುವ ತುದಿ ಇನ್ನೂ ಎಳೆಯದಾಗಿರುತ್ತದೆ. ಕಬಡ್ಡಿ, ಓಟ, ಜಿಗಿತಗಳಲ್ಲಿ ಮೀನಖಂಡ ಅದನ್ನು ಎಳೆದಾಗ ಹಿಮ್ಮಡಿಯ ಹಿಂಬದಿ ನೋಯುತ್ತದೆ. ಇದಕ್ಕೆ ಸೀವರ್ಸ್ ತೊಂದರೆ ಎಂದು ಹೆಸರು. ಆಟದ ಮರುದಿನ ತುದಿಗಾಲಲ್ಲಿ ನಡೆಯುವ ಅಥವಾ ಕುಂಟುವ ಹುಡುಗನನ್ನು ಸೋಮಾರಿಯೆಂದು ಗದರಿಸುವ ಮೊದಲು ಅವನ ಹಿಮ್ಮಡಿಯನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ ಕೇಳಬೇಕು. ನೋವೆಂದರೆ ಕೆಲವು ವಾರ ಜಿಗಿತ ಕಡಿಮೆ ಮಾಡಿಸಿ, ಬರಿಗಾಲ ಓಟ ತಪ್ಪಿಸಿ, ಆಟದ ಅಂಕ ಬರೆಯುವ ಕೆಲಸವನ್ನೋ ಅಂಪೈರ್ ಕೆಲಸವನ್ನೋ ಕೊಟ್ಟು ಮೈದಾನದಲ್ಲೇ ಉಳಿಸಿಕೊಳ್ಳಬಹುದು. ಮೂಳೆ ಬಲಿತಂತೆ ಆ ನೋವು ತಾನಾಗಿಯೇ ಹೋಗುತ್ತದೆ.