ಎರಡು ಒನಕೆಯ ಲೆಕ್ಕ



ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಮೇಲೆ ಕೆಜಿಎಫ್‌ನ ಎಷ್ಟೋ ಜನ ಕೆಲಸಕ್ಕೆ ಬೇರೆ ಊರಿಗೆ ಹೋಗುವಂತಾಯಿತು. ಬಂಗಾರಪೇಟೆಗೆ ಬಂದು ರೈಲು ಹಿಡಿಯುವವರಿಗೆ ಬೈಕು ಒಂದು ಆಸರೆ. ನಾವೂ ಹಿಂದೆ ಕೂತು ಹೋಗ್ತೀವಿ. ಗಾಡಿ ಗಡಗಡ ನಡುಗ್ತದೆ. ಇಳಿದಾಗ ಕಾಲು ಜೋಮು ಹಿಡಿದಿರ್ತದೆ. ಈ ನಡುಕ ಯಾಕೆ? ಬನ್ನಿ, ತಿಳಿಯೋಣ.

ಇಂಜಿನ್ನಿನ ಒಳಗೆ

ಇಂಜಿನ್ನಿನಲ್ಲಿ ದಪ್ಪನೆಯ ಕೊಳವೆ ಇರುತ್ತದೆ. ಅದೇ ಸಿಲಿಂಡರು. ಅದರೊಳಗೆ ಬಿರಡೆಯ ಹಾಗೆ ಓಡಾಡುವುದು ಪಿಸ್ಟನ್. ಪೆಟ್ರೋಲಿನ ಆವಿ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಅದು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತದೆ. ಮೇಲೆ ಹೋದದ್ದು ತಟ್ಟನೆ ನಿಂತು ಹಿಂದೆ ಬರಬೇಕು. ಆ ಹೊಡೆತ ಹ್ಯಾಂಡಲ್ಲಿಗೆ, ಸೀಟಿಗೆ, ನಮ್ಮ ಮೈಗೆ ಬರ್ತದೆ.

ಒಂದಲ್ಲ, ಎರಡು

ನಮ್ಮ ಕಡೆಯ ಹೆಚ್ಚಿನ ಬೈಕುಗಳಿಗೆ ಒಂದೇ ಸಿಲಿಂಡರು. ಕೆಲವಕ್ಕೆ ಎರಡು. ಭತ್ತ ಕುಟ್ಟುವುದನ್ನು ನೆನೆಯಿರಿ. ಇಬ್ಬರೂ ಒಟ್ಟಿಗೆ ಒನಕೆ ಹಾಕಿದರೆ ನೆಲ ಅದುರ್ತದೆ. ಒಬ್ಬರು ಎತ್ತಿದಾಗ ಇನ್ನೊಬ್ಬರು ಹಾಕಿದರೆ ಕೆಲಸ ಹದವಾಗಿ ಸಾಗ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ 1980ರ ದಶಕದಲ್ಲಿ ಯೆಜ್ಡಿ 350 ಎಂಬ ಎರಡು ಸಿಲಿಂಡರಿನ ಬೈಕು ತಯಾರಾಗುತ್ತಿತ್ತು. ಅದರಲ್ಲಿ ಒಂದು ಪಿಸ್ಟನ್ ಮೇಲೇರಿದಾಗ ಇನ್ನೊಂದು ಇಳಿಯುತ್ತಿತ್ತು. ಒಂದರ ಹೊಡೆತವನ್ನು ಇನ್ನೊಂದು ಬಹುಪಾಲು ಅಳಿಸುತ್ತಿತ್ತು.

ಹಾಗಾದರೆ ನಡುಕ ಪೂರ್ತಿ ಹೋಯಿತೆ? ಇಲ್ಲ. ತಕ್ಕಡಿ ನೋಡಿ. ಒಂದು ತಟ್ಟೆ ಏರಿ ಇನ್ನೊಂದು ಇಳಿದರೆ ಮೇಲಿನ ಕೋಲು ತೂಗಾಡ್ತದೆ. ಪಿಸ್ಟನ್‌ಗಳು ಅಕ್ಕಪಕ್ಕ ಇರುವುದರಿಂದ ಇಂಜಿನ್ನೂ ಹಾಗೇ ಸ್ವಲ್ಪ ತೂಗಾಡ್ತದೆ.

ಇದಕ್ಕೂ ಉಪಾಯ ಉಂಟು. ಸೊಂಟದ ಮೇಲೆ ಕೊಡ ಇಟ್ಟಾಗ ನಾವು ಇನ್ನೊಂದು ಕಡೆಗೆ ವಾಲ್ತೀವಿ, ಅಲ್ಲವೆ? ಹಾಗೆಯೇ ಕೆಲವು ಇಂಜಿನ್ನಿನೊಳಗೆ ಎದುರು ತೂಕ ಇಟ್ಟು ತಿರುಗಿಸುತ್ತಾರೆ. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ 650 ಬೈಕಿನಲ್ಲಿ ಎರಡು ಸಿಲಿಂಡರೂ ಇವೆ, ಇಂಥ ಎದುರು ತೂಕವೂ ಇದೆ.

ನಡುಕವನ್ನು ಕಡೆಗಣಿಸಬೇಡಿ

ಹೆಚ್ಚು ನಡುಗುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದರೆ ಬೆರಳಿನ ನರಕ್ಕೆ, ರಕ್ತನಾಳಕ್ಕೆ ಪೆಟ್ಟು. ಗಣಿಯಲ್ಲಿ ಬಂಡೆ ಕೊರೆಯುವವರಿಗೆ ಬರುವ ಕಾಯಿಲೆ ಇದು. ಬೆರಳು ಬೆಳ್ಳಗಾಗಿ ಮರಗಟ್ಟುತ್ತದೆ.

ಬೈಕಿನ ನಡುಕದಿಂದ ನಟ್ಟು ಬೋಲ್ಟು ಸಡಿಲವಾಗ್ತವೆ. ನಿನ್ನೆ ಇಲ್ಲದ ನಡುಕ ಇವತ್ತು ಬಂದರೆ ಗಾಡಿ ನಿಲ್ಲಿಸಿ. ಇಂಜಿನ್ ಹಿಡಿದಿರುವ ಬೋಲ್ಟು, ಚೈನು, ಚಕ್ರ ಇವನ್ನು ಮೆಕ್ಯಾನಿಕ್‌ಗೆ ತೋರಿಸಿ. "ಏನಾಗಲ್ಲ, ಕೂತ್ಕೋ" ಅಂತ ಮನೆಯವರು ಅಂದರೂ ನಾವು ಕೇಳೋಣ. ಹಿಂದೆ ಕೂತದ್ದು ನಮ್ಮ ಜೀವ, ಮಡಿಲಲ್ಲಿರೋದು ನಮ್ಮ ಮಗು.

ಓದಿ, ಉತ್ತರ ಹೇಳಿ

1. ಬೈಕು ನಡುಗುವುದು ಯಾಕೆ?
2. ಎರಡು ಒನಕೆಗೂ ಎರಡು ಪಿಸ್ಟನ್‌ಗೂ ಹೋಲಿಕೆ ಏನು?
3. ಹೊಸದಾಗಿ ನಡುಕ ಬಂದರೆ ಏನೇನು ನೋಡಿಸಬೇಕು?